ಜಾಸ್ತಿ ಟೆಸ್ಲಾ ಇದ್ರೆ ಜಾಸ್ತಿ ಒಳ್ಳೆ ಎಂಆರ್‌ಐ ಅಂತಾನಾ?

ಪ್ರಶ್ನೆ: ಅಪ್ಪನಿಗೆ ಲಕ್ವ ಹೊಡೆದಾಗ ಡಾಕ್ಟರು ಎಂಆರ್‌ಐ ಮಾಡಿಸಿ ಅಂದರು. ಒಂದು ಸೆಂಟರಿನಲ್ಲಿ 1.5 ಟೆಸ್ಲಾ ಅಂತ ಬೋರ್ಡ್ ಇತ್ತು, ಅದೇ ರಸ್ತೆಯ ಇನ್ನೊಂದರಲ್ಲಿ 3 ಟೆಸ್ಲಾ. ದುಡ್ಡು ಜಾಸ್ತಿಯಾದರೂ ಪರವಾಗಿಲ್ಲ ಅಂತ 3 ಟೆಸ್ಲಾದಲ್ಲೇ ಮಾಡಿಸಿದೆವು. ಆಮೇಲೆ ಎಲ್ಲೋ ಓದಿದೆ, ಸ್ಕಾಟ್ಲೆಂಡಿನ ಪ್ರೊಫೆಸರ್ ಒಬ್ಬರು ಆಯಸ್ಕಾಂತದ ಬಲವನ್ನು ಬೇಕಂತಲೇ ಇಳಿಸಿ ಲಕ್ವದ ರೋಗಿಗಳ ಸ್ಕ್ಯಾನ್ ಮಾಡುತ್ತಾರಂತೆ. ಹಾಗಾದ್ರೆ ನಾವು ಮೋಸ ಹೋದೆವಾ? ಅವರು ಡಾಕ್ಟರೂ ಅಲ್ಲ, ಭೌತಶಾಸ್ತ್ರದವರಂತೆ. ಇದರಲ್ಲಿ ಅವರಿಗೇನು ಕೆಲಸ? ಮಗಳು ಬಿ.ಎಸ್ಸಿ. ಎರಡನೇ ವರ್ಷ, ಫಿಸಿಕ್ಸ್. ಅವಳೂ ಇದೇ ಪ್ರಶ್ನೆ ಕೇಳುತ್ತಿದ್ದಾಳೆ.
– ಓದುಗರು, ದಾವಣಗೆರೆ

ಉತ್ತರ: ಮೋಸ ಹೋಗಿಲ್ಲ, ಅದನ್ನು ಮೊದಲು ಹೇಳಿಬಿಡುತ್ತೇನೆ. ಲಕ್ವದ ಕೇಸಿಗೆ 1.5 ಟೆಸ್ಲಾ ಮಷೀನೂ ಸಾಕು, 3 ಟೆಸ್ಲಾ ಮಷೀನೂ ಸಾಕು. ಎಷ್ಟು ಬೇಗ ಸ್ಕ್ಯಾನ್ ಆಯಿತು, ಅದನ್ನು ಯಾರು ನೋಡಿದರು ಅನ್ನುವುದೇ ಅಲ್ಲಿ ಮುಖ್ಯ. ಎದುರಿಗೆ 1.5 ಇದೆ, ಊರಾಚೆ 3 ಇದೆ ಅಂತಾದರೆ ಎದುರಿಗೆ ಇರುವುದಕ್ಕೇ ನುಗ್ಗಬೇಕು.

ಟೆಸ್ಲಾ ಅನ್ನುವುದು ಆಯಸ್ಕಾಂತದ ಬಲದ ಅಳತೆ. ನಮ್ಮ ಮೈಯಲ್ಲಿ ಎಲ್ಲಿ ನೋಡಿದರೂ ನೀರು, ಕೊಬ್ಬು. ಅವುಗಳಲ್ಲಿ ಹೈಡ್ರೋಜನ್, ಅದರ ನಡುವೆ ಒಂದು ಪ್ರೋಟಾನ್. ಈ ಪ್ರೋಟಾನೇ ಒಂದು ಪುಟ್ಟ ಆಯಸ್ಕಾಂತ. ದೊಡ್ಡ ಆಯಸ್ಕಾಂತದೊಳಗೆ ಮಲಗಿದಾಗ ಇವೆಲ್ಲ ಒಂದೇ ದಿಕ್ಕಿಗೆ ಸಾಲಾಗಿ ನಿಲ್ಲುತ್ತವೆ ಅಂತ ಪುಸ್ತಕಗಳಲ್ಲಿ ಬರೆದಿರುತ್ತಾರೆ. ನಿಜ ಹೇಳಬೇಕೆಂದರೆ ನಿಲ್ಲುವುದಿಲ್ಲ. ಮೈಯ ಬಿಸಿಗೆ ಅವು ಅಡ್ಡಾದಿಡ್ಡಿಯಾಗೇ ಇರುತ್ತವೆ. 1.5 ಟೆಸ್ಲಾದಲ್ಲಿ ಆಯಸ್ಕಾಂತದ ಕಡೆ ವಾಲುವವುಗಳ ಹೆಚ್ಚುವರಿ ಎಷ್ಟು ಗೊತ್ತಾ? ಹತ್ತು ಲಕ್ಷಕ್ಕೆ ಸುಮಾರು ಐದು. 3 ಟೆಸ್ಲಾದಲ್ಲಿ ಹತ್ತು. ನಿಮ್ಮ ತಂದೆಯ ಮಿದುಳಿನ ಚಿತ್ರ ಬಂದಿದ್ದು ಆ ಹತ್ತರಿಂದ. ಉಳಿದವುಗಳಿಂದ ಏನೂ ಸಿಗುವುದಿಲ್ಲ.

ಹಾಗಾಗಿ ಟೆಸ್ಲಾ ದುಪ್ಪಟ್ಟಾದರೆ ಸಿಗ್ನಲ್ಲೂ ಹೆಚ್ಚುಕಡಿಮೆ ದುಪ್ಪಟ್ಟು. ಚಿತ್ರ ಹೆಚ್ಚು ನುಣುಪಾಗುತ್ತದೆ, ಇಲ್ಲವೇ ಅದೇ ಚಿತ್ರ ಬೇಗ ಸಿಗುತ್ತದೆ. ಮಿದುಳಿಗೆ, ಕೀಲಿಗೆ ಇದು ನಿಜಕ್ಕೂ ಉಪಯೋಗ. ಆದರೆ ಬಿಟ್ಟಿಯಲ್ಲ. ಪ್ರೋಟಾನುಗಳನ್ನು ಅಲುಗಾಡಿಸಲು ರೇಡಿಯೊ ತರಂಗ ಬಿಡಬೇಕು, ಅದರಿಂದ ಮೈ ಸ್ವಲ್ಪ ಬಿಸಿಯಾಗುತ್ತದೆ. ಟೆಸ್ಲಾ ದುಪ್ಪಟ್ಟಾದರೆ ಈ ಬಿಸಿ ನಾಲ್ಕು ಪಟ್ಟು ಏರಬಹುದು. ಬೆನ್ನಿಗೆ ಸ್ಕ್ರೂ ಹಾಕಿದ್ದರೆ ಅದರ ಸುತ್ತ ಚಿತ್ರ ಇನ್ನಷ್ಟು ಕೆಡುತ್ತದೆ. ಇನ್ನು ಹೊಟ್ಟೆಯ ಕಥೆ. 3 ಟೆಸ್ಲಾದಲ್ಲಿ ಬಳಸುವ ರೇಡಿಯೊ ತರಂಗದ ಉದ್ದ ಮೈಯೊಳಗೆ ಹೆಚ್ಚುಕಡಿಮೆ 26 ಸೆಂಟಿಮೀಟರ್. ಒಬ್ಬ ದೊಡ್ಡ ಮನುಷ್ಯನ ಹೊಟ್ಟೆಯ ಅಳತೆಯೂ ಅಷ್ಟೇ ಅಲ್ವಾ? ಅದಕ್ಕೇ ಅಲೆಗಳು ಒಂದಕ್ಕೊಂದು ತಾಕಿ ಚಿತ್ರದ ನಡುವೆ ಕಪ್ಪು ಮಬ್ಬು ಕೂರುತ್ತದೆ. ಅದನ್ನು ಸರಿಪಡಿಸುವ ಉಪಾಯಗಳು ಈಗ ಬಂದಿವೆ. ಆದರೂ ಲಿವರ್ ಸ್ಕ್ಯಾನಿಗೆ 1.5 ಸಾಕು ಅನ್ನುವ ರೇಡಿಯಾಲಜಿಸ್ಟರು ಬಹಳ ಇದ್ದಾರೆ. ಅವರು ಹಳೇ ಕಾಲದವರು ಅಂದುಕೊಳ್ಳಬೇಡಿ.

ನೀವು ಓದಿದ ಪ್ರೊಫೆಸರ್ ಡೇವಿಡ್ ಲೂರಿ ಇರಬೇಕು. ಊರು ಅಬರ್ಡೀನ್, ಸ್ಕಾಟ್ಲೆಂಡಿನ ಈಶಾನ್ಯ ಕರಾವಳಿ. ಅವರು ಮಾಡಿದ್ದು ಅರ್ಥವಾಗಬೇಕಾದರೆ ಅಲ್ಲಿನ ವಿಶ್ವವಿದ್ಯಾಲಯದ ಇನ್ನೊಬ್ಬ ಪ್ರೊಫೆಸರ್ ಜಾನ್ ಮಲ್ಲಾರ್ಡ್ ಅವರಿಂದ ಶುರುಮಾಡಬೇಕು. ಸ್ವಲ್ಪ ಉದ್ದವಾಗುತ್ತದೆ, ಆದರೆ ಮಗಳ ಪ್ರಶ್ನೆಗೂ ಉತ್ತರ ಇದರಲ್ಲೇ ಇದೆ.

ಮಲ್ಲಾರ್ಡ್ 1965ರಲ್ಲಿ ಅಬರ್ಡೀನಿನಲ್ಲಿ ವೈದ್ಯಕೀಯ ಭೌತಶಾಸ್ತ್ರದ ಪ್ರೊಫೆಸರ್ ಆದರು. ಅದಕ್ಕೂ ಮುಂಚೆ ಲಂಡನ್ನಿನಲ್ಲಿದ್ದಾಗಲೇ ಅವರ ತಲೆಯಲ್ಲಿ ಒಂದು ಹುಳ ಹೊಕ್ಕಿತ್ತು. ಗಡ್ಡೆಯ ಮಾಂಸಕ್ಕೂ ಆರೋಗ್ಯವಾಗಿರುವ ಮಾಂಸಕ್ಕೂ ಅಯಸ್ಕಾಂತದೊಳಗೆ ಬೇರೆ ಬೇರೆ ಸಿಗ್ನಲ್ ಬರುತ್ತೆ, ಇದನ್ನು ಹಿಡಿದು ರೋಗ ಪತ್ತೆಮಾಡಬಹುದು ಅಂತ. 1964ರಲ್ಲಿ ಎಲೆಕ್ಟ್ರಾನ್ ಸ್ಪಿನ್ ಅನುರಣನದ, ಅಂದರೆ ಪ್ರೋಟಾನಿನ ಬದಲು ಎಲೆಕ್ಟ್ರಾನಿನ ಸಿಗ್ನಲ್ ನೋಡುವ, ವಿಧಾನದಲ್ಲಿ ಆ ವ್ಯತ್ಯಾಸ ತೋರಿಸಿ ಪ್ರಬಂಧ ಬರೆದರು. ಪ್ರೋಟಾನುಗಳಲ್ಲೂ ಇಂಥದ್ದೇ ವ್ಯತ್ಯಾಸ ಇದೆ ಅಂತ 1971ರಲ್ಲಿ ಅಮೆರಿಕದ ರೇಮಂಡ್ ಡಮೇಡಿಯನ್ ತೋರಿಸಿದರು. ಸಿಗ್ನಲ್ಲಿನಿಂದ ಚಿತ್ರ ಮಾಡುವುದು ಹೇಗೆ ಅನ್ನುವುದನ್ನು 1973ರಲ್ಲಿ ಪಾಲ್ ಲಾಟರ್‌ಬರ್ ಹೇಳಿದರು. ಮಲ್ಲಾರ್ಡ್ ಗುಂಪು ತಡಮಾಡಲಿಲ್ಲ. 1974ರಲ್ಲಿ ಅವರ ಸಹೋದ್ಯೋಗಿ ಜೇಮ್ಸ್ ಹಚಿಸನ್ ಒಂದು ಇಲಿಯ ಚಿತ್ರ ತೆಗೆದರು. ಕುತ್ತಿಗೆ ಮುರಿದು ಆಗಷ್ಟೇ ಸತ್ತ ಇಲಿ. ಮುರಿದ ಜಾಗದ ಸುತ್ತ ಬಾವು ಬಂದು ನೀರು ತುಂಬಿದ್ದು ಚಿತ್ರದಲ್ಲಿ ಬೇರೆಯಾಗಿ ಕಂಡಿತು. ಮೂಳೆ ಮುರಿದದ್ದು ಎಕ್ಸ್‌ರೇಗೂ ಕಾಣುತ್ತದೆ. ಬಾವು ಕಾಣುತ್ತದಲ್ಲ, ಅದು ಹೊಸದು.

ಮುಂದೆ ಮನುಷ್ಯನನ್ನು ಮಲಗಿಸುವಷ್ಟು ದೊಡ್ಡ ಮಷೀನ್ ಕಟ್ಟಿದರು. ಹೆಸರು ಮಾರ್ಕ್ 1. ಆಯಸ್ಕಾಂತದ ಬಲ ಎಷ್ಟು? 0.04 ಟೆಸ್ಲಾ. ನೀವು ದುಡ್ಡು ಕೊಟ್ಟ ಮಷೀನಿನ 75ರಲ್ಲಿ ಒಂದು ಪಾಲು. ಅದರಲ್ಲಿ ವಾಲುವ ಪ್ರೋಟಾನುಗಳ ಹೆಚ್ಚುವರಿ ಕೋಟಿಗೆ ಒಂದೋ ಎರಡೋ. ಅದೂ ತೀರಾ ತಣ್ಣಗಿಟ್ಟು ಕರೆಂಟಿಗೆ ಅಡ್ಡಿಯೇ ಇಲ್ಲದಂತೆ ಮಾಡಿದ ಸೂಪರ್‌ಕಂಡಕ್ಟರ್ ಅಲ್ಲ, ಸಾದಾ ವಿದ್ಯುತ್ ಸುರುಳಿಗಳು. ಆಯಸ್ಕಾಂತ ಅಷ್ಟು ಸಮವೂ ಆಗಿರಲಿಲ್ಲ, ಒಂದು ಕಡೆ ಸ್ವಲ್ಪ ಜಾಸ್ತಿ, ಇನ್ನೊಂದು ಕಡೆ ಸ್ವಲ್ಪ ಕಡಿಮೆ. ಮೊದಮೊದಲ ಚಿತ್ರಗಳು ಉಸಿರಾಟಕ್ಕೆ, ಹೃದಯದ ಬಡಿತಕ್ಕೆ ಕಲಸಿಹೋಗುತ್ತಿದ್ದವು. ಡಾಕ್ಟರಿಗೆ ತೋರಿಸುವ ಹಾಗಿರಲಿಲ್ಲ.

ಇಲ್ಲಿ ಭೌತಶಾಸ್ತ್ರದವರ ಕೆಲಸ ಏನು ಅನ್ನುವುದು ಚೆನ್ನಾಗಿ ಕಾಣುತ್ತದೆ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಪ್ರೋಟಾನ್ ಎಷ್ಟು ಫ್ರೀಕ್ವೆನ್ಸಿಯಲ್ಲಿ ಸಿಗ್ನಲ್ ಕೊಡುತ್ತದೆ ಅನ್ನುವುದು ಅದು ನಿಂತ ಜಾಗದ ಕಾಂತಬಲದ ಮೇಲೆ ನಿಂತಿದೆ. ಟೆಸ್ಲಾಕ್ಕೆ 42.58 ಮೆಗಾಹರ್ಟ್ಸ್. ಅಂದರೆ ಮಾರ್ಕ್ 1ರಲ್ಲಿ 1.7 ಮೆಗಾಹರ್ಟ್ಸ್, ನಿಮ್ಮ 3 ಟೆಸ್ಲಾದಲ್ಲಿ ಸುಮಾರು 128. ಇದು ನಮ್ಮ ಎಫ್‌ಎಂ ಸ್ಟೇಷನ್ನುಗಳಿಗೆ ತೀರಾ ದೂರದ್ದಲ್ಲ. ಸ್ಕ್ಯಾನ್ ರೂಮಿನ ಗೋಡೆಯೊಳಗೆ ತಾಮ್ರದ ಹಾಳೆ ಹಾಕಿರುವುದು ಹೊರಗಿನ ರೇಡಿಯೊ ಸಿಗ್ನಲ್ ಒಳಗೆ ನುಗ್ಗದಿರಲಿ ಅಂತ. ಈಗ, ತಲೆಯಿಂದ ಕಾಲಿನವರೆಗೆ ಕಾಂತಬಲ ಒಂದೇ ಆಗಿದ್ದರೆ ಎಲ್ಲ ಪ್ರೋಟಾನುಗಳೂ ಒಂದೇ ರಾಗ ಹಾಡುತ್ತವೆ, ಯಾವುದು ಎಲ್ಲಿದೆ ಗೊತ್ತಾಗುವುದಿಲ್ಲ. ಅದಕ್ಕೇ ಗ್ರೇಡಿಯೆಂಟ್ ಕಾಯಿಲ್ ಅನ್ನುವ ಇನ್ನೊಂದು ಸುರುಳಿಯಿಂದ ಎಡಗಡೆ ಸ್ವಲ್ಪ ಕಡಿಮೆ, ಬಲಗಡೆ ಸ್ವಲ್ಪ ಜಾಸ್ತಿ ಬಲ ಬರುವ ಹಾಗೆ ಮಾಡುತ್ತಾರೆ. ಫ್ರೀಕ್ವೆನ್ಸಿ ನೋಡಿದರೆ ಜಾಗ ಗೊತ್ತಾಯಿತು. ಆದರೆ ಇದು ಎಡ-ಬಲಕ್ಕೆ ಮಾತ್ರ. ಮೇಲೆ-ಕೆಳಗೆ?

ದಾರಿ ತೋರಿಸಿದ್ದು 1975ರ ಒಂದು ಪ್ರಬಂಧ. ಜ್ಯೂರಿಕ್‌ನಲ್ಲಿ ರಿಚರ್ಡ್ ಅರ್ನ್ಸ್ಟ್ ಅವರ ಲ್ಯಾಬಿನಿಂದ ಬಂದದ್ದು, ಮೊದಲ ಹೆಸರು ಅನಿಲ್ ಕುಮಾರ್. ಹೌದು, ಮುಂದೆ ಬೆಂಗಳೂರಿನ ಐಐಎಸ್‌ಸಿಯಲ್ಲಿ ದಶಕಗಳ ಕಾಲ, ಎಂಆರ್‌ಐಗೆ ತಾಯಿಬೇರಾದ ಎನ್‌ಎಂಆರ್ ಸಂಶೋಧನೆ ಮಾಡಿದ ಅದೇ ಪ್ರೊಫೆಸರ್ ಅನಿಲ್ ಕುಮಾರ್. ನಮ್ಮಲ್ಲಿ ಇದು ಎಷ್ಟು ಜನಕ್ಕೆ ಗೊತ್ತಿದೆಯೋ. ಅವರು ಹೇಳಿದ್ದು ಇಷ್ಟು. ಸಿಗ್ನಲ್ ಓದುವ ಮೊದಲು ಮೇಲೆ-ಕೆಳಗಿನ ಗ್ರೇಡಿಯೆಂಟನ್ನು ಸ್ವಲ್ಪ ಹೊತ್ತು ಹಾಕಿ ತೆಗೆಯಿರಿ. ಮೇಲಿನ ಪ್ರೋಟಾನುಗಳು ಸ್ವಲ್ಪ ಮುಂದೆ ಓಡಿರುತ್ತವೆ, ಕೆಳಗಿನವು ಹಿಂದೆ ಬಿದ್ದಿರುತ್ತವೆ. ಆ ಹೊತ್ತನ್ನು ಪ್ರತಿ ಸಲ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತಾ ಮತ್ತೆ ಮತ್ತೆ ಓದಿ. ಕೊನೆಗೆ ಎಲ್ಲ ಓದುಗಳನ್ನೂ ಸೇರಿಸಿ ಎರಡು ದಿಕ್ಕಿನಲ್ಲಿ, ಬೆರೆತ ಸಿಗ್ನಲ್ಲಿನಿಂದ ಒಂದೊಂದು ಫ್ರೀಕ್ವೆನ್ಸಿಯನ್ನೂ ಬೇರ್ಪಡಿಸುವ ಲೆಕ್ಕವಾದ ಫೋರಿಯರ್ ಟ್ರಾನ್ಸ್‌ಫಾರ್ಮ್ ಮಾಡಿದರೆ ಚಿತ್ರ ಸಿಗುತ್ತದೆ.

ಲೆಕ್ಕ ಸೊಗಸಾಗಿತ್ತು. ಆದರೆ ಅಬರ್ಡೀನಿನ ಒರಟು ಆಯಸ್ಕಾಂತಕ್ಕೆ ಹೊಂದುತ್ತಿರಲಿಲ್ಲ. ಹೊತ್ತು ಬದಲಾಗುತ್ತಾ ಹೋದರೆ ಆಯಸ್ಕಾಂತದ ಏರುಪೇರಿನಿಂದ ಬರುವ ತಪ್ಪೂ ಜೊತೆಜೊತೆಗೇ ಬೆಳೆಯುತ್ತದೆ, ಚಿತ್ರ ಸೊಟ್ಟಗಾಗುತ್ತದೆ. ಹಚಿಸನ್, ಬಿಲ್ ಎಡಲ್‌ಸ್ಟೈನ್ ಮತ್ತು ಅವರ ಗೆಳೆಯರು ಮಾಡಿದ ಬದಲಾವಣೆ ಹೇಳಿದರೆ ಇಷ್ಟೇನಾ ಅನಿಸಬಹುದು. ಹೊತ್ತನ್ನು ಬದಲಿಸಬೇಡಿ, ಅದೇ ಇರಲಿ. ಗ್ರೇಡಿಯೆಂಟಿನ ಬಲವನ್ನು ಮಾತ್ರ ಪ್ರತಿ ಸಲ ಬದಲಿಸಿ. ಈಗ ಆಯಸ್ಕಾಂತದ ಏರುಪೇರು ಪ್ರತಿ ಓದಿನಲ್ಲೂ ಅಷ್ಟಕ್ಕಷ್ಟೇ ತಪ್ಪು ಹಾಕುತ್ತದೆ. ಎಲ್ಲದರಲ್ಲೂ ಒಂದೇ ತಪ್ಪಿದ್ದರೆ ಆ ದಿಕ್ಕಿನಲ್ಲಿ ಫೋರಿಯರ್ ಲೆಕ್ಕ ಅದನ್ನು ಲೆಕ್ಕಕ್ಕೇ ಇಡುವುದಿಲ್ಲ! 1980ರಲ್ಲಿ ಸ್ಪಿನ್-ವಾರ್ಪ್ ಅನ್ನುವ ಹೆಸರಿನಲ್ಲಿ ಇದು ಪ್ರಕಟವಾಯಿತು. ಅದೇ ವರ್ಷ ಆಗಸ್ಟ್ 28ರಂದು ಮಾರ್ಕ್ 1ರಲ್ಲಿ ಒಬ್ಬ ರೋಗಿಯನ್ನು ಮಲಗಿಸಿ ತೆಗೆದ ಚಿತ್ರದಲ್ಲಿ ಎದೆಯ ಗಡ್ಡೆ, ಲಿವರಿನ ತೊಂದರೆ, ಮೂಳೆಗೆ ಹರಡಿದ ಕ್ಯಾನ್ಸರ್ ಕಂಡವು. ಇಡೀ ಮೈಯ ಎಂಆರ್‌ಐಯಿಂದ ಡಾಕ್ಟರಿಗೆ ಉಪಯೋಗವಾಗುವ ಚಿತ್ರ ಸಿಕ್ಕಿದ್ದು ಅದೇ ಮೊದಲು ಅಂತ ಸಾಮಾನ್ಯವಾಗಿ ಒಪ್ಪುತ್ತಾರೆ.

ನಿಮ್ಮ ತಂದೆಯವರು ಮಷೀನಿನೊಳಗೆ ಡಬಡಬ ಸದ್ದು ಕೇಳಿಸಿಕೊಂಡಿರುತ್ತಾರಲ್ಲ, ಅದು ಈ ಗ್ರೇಡಿಯೆಂಟ್ ಕಾಯಿಲಿನದ್ದು. ದೊಡ್ಡ ಆಯಸ್ಕಾಂತದೊಳಗೆ ಕರೆಂಟ್ ಹರಿದಾಗಲೆಲ್ಲ ಸುರುಳಿ ನೂಕಿಸಿಕೊಂಡು ಅದುರುತ್ತದೆ. ಹಳೆಯ ಲೆಕ್ಕದಲ್ಲಿ ಒಂದು ಚಿತ್ರಕ್ಕೆ 256 ಓದು, ಎರಡೆರಡು ಸೆಕೆಂಡಿಗೆ ಒಂದು ಅಂದರೆ ಎಂಟೂವರೆ ನಿಮಿಷ. ಈಗ ಅದನ್ನು ಕಡಿಮೆ ಮಾಡುವ ಉಪಾಯಗಳು ಹತ್ತಾರು. ಆದರೆ ದಾವಣಗೆರೆಯಲ್ಲಿ ಇವತ್ತು ತೆಗೆಯುವ ಬಹುಪಾಲು ಚಿತ್ರಗಳ ಅಡಿಪಾಯ ಈಗಲೂ ಸ್ಪಿನ್-ವಾರ್ಪೇ.

2003ರಲ್ಲಿ ಎಂಆರ್‌ಐಗೆ ನೊಬೆಲ್ ಬಂದಾಗ ಅದು ಲಾಟರ್‌ಬರ್ ಮತ್ತು ನಾಟಿಂಗ್‌ಹ್ಯಾಮಿನ ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೆ ಹೋಯಿತು. ಡಮೇಡಿಯನ್ ಪತ್ರಿಕೆಗಳಲ್ಲಿ ಇಡೀ ಪುಟದ ಜಾಹೀರಾತು ಕೊಟ್ಟು ಜಗಳವಾಡಿದರು. ಅಬರ್ಡೀನಿನವರಿಗೂ ಸಿಗಬೇಕಿತ್ತು ಅನ್ನುವವರಲ್ಲಿ ನಾನೂ ಒಬ್ಬ. ಮಲ್ಲಾರ್ಡ್ 2021ರಲ್ಲಿ, 94ನೇ ವಯಸ್ಸಿನಲ್ಲಿ ತೀರಿಕೊಂಡರು. ಮಾರ್ಕ್ 1 ಈಗಲೂ ಅಬರ್ಡೀನಿನ ಫಾರೆಸ್ಟರ್‌ಹಿಲ್ ಕ್ಯಾಂಪಸ್ಸಿನಲ್ಲಿ ನೋಡಲು ಸಿಗುತ್ತದೆ.

ಈಗ ಲೂರಿ. 1988ರಲ್ಲಿ ಅವರು, ಮಲ್ಲಾರ್ಡ್ ಮತ್ತು ಇನ್ನಿಬ್ಬರು ಸೇರಿ ಫ್ರೀ ರ‍್ಯಾಡಿಕಲ್ ಅನ್ನುವ, ಒಂಟಿ ಎಲೆಕ್ಟ್ರಾನ್ ಇರುವ ಅಣುಗಳ ಚಿತ್ರ ತೆಗೆಯುವ ವಿಧಾನವೊಂದನ್ನು ಬರೆದರು. ಅದಕ್ಕೆ ಪ್ರೋಟಾನಿನ ಜೊತೆ ಎಲೆಕ್ಟ್ರಾನನ್ನೂ ಅಲುಗಾಡಿಸಬೇಕು. ಎಲೆಕ್ಟ್ರಾನಿನ ಫ್ರೀಕ್ವೆನ್ಸಿ ಪ್ರೋಟಾನಿನದ್ದಕ್ಕಿಂತ 650 ಪಟ್ಟಿಗೂ ಜಾಸ್ತಿ. ಮಾಮೂಲಿ ಕಾಂತಬಲದಲ್ಲಿ ಅದು ಮೈಕ್ರೋವೇವ್ ಆಗಿಬಿಡುತ್ತದೆ, ಅಂದರೆ ರೋಗಿಯನ್ನು ಓವನ್ನಿನಲ್ಲಿ ಇಟ್ಟ ಲೆಕ್ಕ. ಉಪಾಯ? ಎಲೆಕ್ಟ್ರಾನನ್ನು ಅಲುಗಾಡಿಸುವ ಹೊತ್ತಿಗೆ ಕಾಂತಬಲ ಇಳಿಸು, ಚಿತ್ರ ಓದುವ ಹೊತ್ತಿಗೆ ಏರಿಸು. ಸ್ಕ್ಯಾನ್ ನಡೆಯುತ್ತಿರುವಾಗಲೇ ಮುಖ್ಯ ಆಯಸ್ಕಾಂತವನ್ನು ಇಳಿಸಿ ಏರಿಸುವ ಅಭ್ಯಾಸ ಆ ಗುಂಪಿಗೆ ಹತ್ತಿದ್ದು ಅಲ್ಲಿ. ಇದಕ್ಕೆ ಫೀಲ್ಡ್-ಸೈಕ್ಲಿಂಗ್ ಅನ್ನುತ್ತಾರೆ.

ನಂತರ ಅವರು ಎಲೆಕ್ಟ್ರಾನಿನ ಹಂಗಿಲ್ಲದೆ, ಬರೀ ನೀರಿನ ಪ್ರೋಟಾನುಗಳಿಗೇ ಇದನ್ನು ಬಳಸಿದರು. ಯಾಕೆ ಅಂದರೆ, ಎಂಆರ್‌ಐ ಚಿತ್ರದಲ್ಲಿ ಕಪ್ಪು-ಬಿಳುಪು ಬರುವ ಕಾರಣಗಳಲ್ಲಿ ಒಂದು ಟಿ1 ಅನ್ನುವ ಸಮಯ. ಅಲುಗಾಡಿಸಿದ ಪ್ರೋಟಾನುಗಳು ಮತ್ತೆ ಮೊದಲಿನ ಸ್ಥಿತಿಗೆ ಬರಲು ತೆಗೆದುಕೊಳ್ಳುವ ಕಾಲ ಅದು. ಸುತ್ತಲಿನ ಅಣುಗಳು ಸುಮ್ನೆ ಇರುವುದಿಲ್ಲ, ಸದಾ ಹೊರಳಾಡುತ್ತಿರುತ್ತವೆ. ಅವುಗಳ ಹೊರಳಾಟದ ವೇಗ ಪ್ರೋಟಾನಿನ ಫ್ರೀಕ್ವೆನ್ಸಿಗೆ ಹೊಂದಿದರೆ ಪ್ರೋಟಾನ್ ಬೇಗ ಶಕ್ತಿ ಬಿಟ್ಟುಕೊಡುತ್ತದೆ, ಟಿ1 ಕಡಿಮೆಯಾಗುತ್ತದೆ. ಬಿಡಿ ನೀರಿನ ಅಣು ಬಲು ಚುರುಕು. ದೊಡ್ಡ ಪ್ರೋಟೀನಿಗೆ ಅಂಟಿಕೊಂಡ ನೀರು ನಿಧಾನ. 1.5 ಅಥವಾ 3 ಟೆಸ್ಲಾದಲ್ಲಿ ಪ್ರೋಟಾನ್ ಸೆಕೆಂಡಿಗೆ ಕೋಟಿಗಟ್ಟಲೆ ಸಲ ಸುತ್ತುತ್ತಿರುವಾಗ ಈ ನಿಧಾನದ ಚಲನೆಗಳು ಅದಕ್ಕೆ ತಟ್ಟುವುದು ತೀರಾ ಕಡಿಮೆ. ಕಾಂತಬಲ ಇಳಿಸಿದರೆ ತಟ್ಟುತ್ತವೆ. ಬೇರೆ ಬೇರೆ ಬಲದಲ್ಲಿ ಟಿ1 ಅಳೆಯುವುದು ಅಂದರೆ ರೇಡಿಯೊದ ಕಿವಿ ತಿರುಗಿಸಿ ಒಂದೊಂದೇ ಸ್ಟೇಷನ್ ಕೇಳಿದ ಹಾಗೆ. ನಮ್ಮ ಆಸ್ಪತ್ರೆಯ ಮಷೀನುಗಳಲ್ಲಿ ಆ ಕಿವಿ ಒಂದೇ ಕಡೆ ಗಟ್ಟಿಯಾಗಿ ಕೂತಿದೆ. ಸಿಗುವ ಒಂದೇ ಸ್ಟೇಷನ್ ಬಹಳ ಸ್ಪಷ್ಟ, ನಿಜ.

ಅಬರ್ಡೀನಿನ ಮಷೀನ್ ಹೀಗೆ ಕೆಲಸ ಮಾಡುತ್ತದೆ. ಮೊದಲು 0.2 ಟೆಸ್ಲಾದಲ್ಲಿ ಪ್ರೋಟಾನುಗಳನ್ನು ತಯಾರು ಮಾಡುವುದು. ಆಮೇಲೆ ಒಮ್ಮೆಲೇ ಕಾಂತಬಲ ಇಳಿಸುವುದು, ಸಾವಿರದಲ್ಲೊಂದು ಪಾಲಿಗೆ ಬೇಕಾದರೂ ಇಳಿಸಬಹುದು. ಅಲ್ಲಿ ಸ್ವಲ್ಪ ಹೊತ್ತು ಬಿಡುವುದು. ಮತ್ತೆ 0.2ಕ್ಕೆ ಏರಿಸಿ ಸಿಗ್ನಲ್ ಓದುವುದು. ಓದುವುದು ಯಾವಾಗಲೂ ಒಂದೇ ಬಲದಲ್ಲಿ, ಏಕೆಂದರೆ ರಿಸೀವರ್ ಕಾಯಿಲ್ ಒಂದೇ ಫ್ರೀಕ್ವೆನ್ಸಿಗೆ, ಸುಮಾರು 8.5 ಮೆಗಾಹರ್ಟ್ಸಿಗೆ, ಟ್ಯೂನ್ ಆಗಿರುತ್ತದೆ.

ಹೇಳಿದಷ್ಟು ಸುಲಭವಲ್ಲ. ಆಸ್ಪತ್ರೆಯ ಸೂಪರ್‌ಕಂಡಕ್ಟರ್ ಆಯಸ್ಕಾಂತ ದ್ರವ ಹೀಲಿಯಮ್ಮಿನ ತಣ್ಣಗಿನಲ್ಲಿ, ಮೈನಸ್ 269 ಡಿಗ್ರಿಯಲ್ಲಿ, ವರ್ಷಗಟ್ಟಲೆ ಒಂದೇ ಸಮ ಇರುತ್ತದೆ. ರಾತ್ರಿ ಸೆಂಟರಿಗೆ ಬೀಗ ಹಾಕಿದ ಮೇಲೂ ಅದು ಆನ್ ಆಗೇ ಇರುತ್ತದೆ. (ಆಕ್ಸಿಜನ್ ಸಿಲಿಂಡರ್ ಒಳಗೆ ತರಬೇಡಿ ಅಂತ ಗದರುವುದು ಅದಕ್ಕೇ. ಮಷೀನ್ ಈಗ ಓಡ್ತಿಲ್ವಲ್ಲ ಅಂತ ವಾದ ಮಾಡುವವರು ಇದ್ದೇ ಇರುತ್ತಾರೆ.) ಅಂಥದ್ದನ್ನು ಕಣ್ಣು ಮಿಟುಕಿಸುವುದರೊಳಗೆ ಇಳಿಸಿ ಏರಿಸಲು ಆಗುವುದಿಲ್ಲ. ಹಾಗಾಗಿ ಮತ್ತೆ ಮಾರ್ಕ್ 1ರ ಕಾಲದ ಹಾಗೆ ಸಾದಾ ವಿದ್ಯುತ್ ಸುರುಳಿ, ಅದಕ್ಕೆ ಭಾರೀ ಕರೆಂಟು, ತಂಪು ಮಾಡುವ ವ್ಯವಸ್ಥೆ. ಏರಿಸಿದ ಮೇಲೆ ಬಲ ಕೂದಲೆಳೆಯಷ್ಟು ಹೊಯ್ದಾಡಿದರೂ ಚಿತ್ರ ಕೆಡುತ್ತದೆ. ಅದನ್ನು ಸಾಫ್ಟ್‌ವೇರಿನಲ್ಲಿ ತಿದ್ದಬೇಕು. ತೀರಾ ಕೆಳಗೆ ಇಳಿದರಂತೂ ಭೂಮಿಯ ಸ್ವಂತ ಕಾಂತಬಲವೇ ಅಡ್ಡ ಬರುತ್ತದೆ. ಅದು ಸುಮಾರು 50 ಮೈಕ್ರೋಟೆಸ್ಲಾ. 3 ಟೆಸ್ಲಾದವರಿಗೆ ಅದರ ಗೊಡವೆಯೇ ಇಲ್ಲ, ಇವರು ಅದನ್ನು ಬೇರೆ ಸುರುಳಿಗಳಿಂದ ಅಳಿಸಬೇಕು.

ಇಷ್ಟು ಪಾಡು ಪಟ್ಟು ಸಿಕ್ಕಿದ್ದೇನು? 2019ರಲ್ಲಿ ಲಿಯೊನೆಲ್ ಬ್ರಾಶ್, ಲೂರಿ ಮತ್ತು ಅವರ ಗುಂಪು ಇಡೀ ಮೈ ಹಿಡಿಸುವ ಮಷೀನಿನ ವಿವರವನ್ನು, ಲಕ್ವದ ರೋಗಿಗಳ ಚಿತ್ರಗಳ ಜೊತೆ ಪ್ರಕಟಿಸಿತು. ಕಾಂತಬಲ ಇಳಿದಂತೆ ಪೆಟ್ಟು ಬಿದ್ದ ಜಾಗ ಸುತ್ತಲಿನ ಮಿದುಳಿಗಿಂತ ಹೆಚ್ಚು ಎದ್ದು ಕಂಡಿತು. ಅದಕ್ಕೆ ಯಾವ ಇಂಜೆಕ್ಷನ್ನೂ ಬೇಕಾಗಲಿಲ್ಲ. ಕೀಲಿನ ಕಾರ್ಟಿಲೇಜ್ (ಮೃದು ಎಲುಬು) ಸವೆಯುವುದನ್ನು ಇನ್ನೊಂದು ರೀತಿಯಲ್ಲಿ ನೋಡಬಹುದು. ಪ್ರೋಟೀನಿನಲ್ಲಿರುವ ನೈಟ್ರೋಜನ್ ಮೂರು ನಿರ್ದಿಷ್ಟ ಕಾಂತಬಲಗಳಲ್ಲಿ, ಸುಮಾರು 16, 49 ಮತ್ತು 65 ಮಿಲಿಟೆಸ್ಲಾದಲ್ಲಿ, ಪ್ರೋಟಾನಿನ ಶಕ್ತಿ ಕಸಿದುಕೊಳ್ಳುತ್ತದೆ. ಅಲ್ಲಲ್ಲಿ ಟಿ1 ದಿಢೀರನೆ ತಗ್ಗುತ್ತದೆ. ಆ ತಗ್ಗು ಎಷ್ಟಿದೆ ಅನ್ನುವುದರಿಂದ ಅಲ್ಲಿ ಎಷ್ಟು ಪ್ರೋಟೀನ್ ಉಳಿದಿದೆ ಅಂತ ಅಂದಾಜು ಮಾಡಬಹುದು. ನನಗೆ ಈ ಇಡೀ ವಿಷಯದಲ್ಲಿ ತುಂಬ ಇಷ್ಟವಾಗುವುದು ಇದೇ. ಮಷೀನ್ ನೋಡುವುದು ನೀರನ್ನು, ತಿಳಿಯುವುದು ಪ್ರೋಟೀನಿನ ವಿಷಯ.

ಹಾಗಂತ ಸೆಂಟರಿಗೆ ಹೋಗಿ ಫೀಲ್ಡ್-ಸೈಕ್ಲಿಂಗ್ ಮಾಡಿ ಅಂತ ಕೇಳಬೇಡಿ. ಇದು ಇನ್ನೂ ಸಂಶೋಧನೆಯ ಹಂತದ್ದು. ಚಿತ್ರಗಳು ನಿಮ್ಮ 3 ಟೆಸ್ಲಾ ಫಿಲ್ಮಿನ ಪಕ್ಕ ಇಟ್ಟರೆ ಒರಟಾಗಿಯೇ ಕಾಣುತ್ತವೆ, ಸಮಯವೂ ಜಾಸ್ತಿ ಹಿಡಿಯುತ್ತದೆ. ರೋಗ ಗುರುತಿಸುವುದರಲ್ಲಿ ಮಾಮೂಲಿ ಎಂಆರ್‌ಐಗಿಂತ ಎಲ್ಲಿ ಮೇಲು ಅನ್ನುವುದನ್ನು ಸಾಕಷ್ಟು ರೋಗಿಗಳಲ್ಲಿ ತೋರಿಸಬೇಕಾಗಿದೆ. ಆದರೆ ಬಲ ಹೆಚ್ಚಿಸುವುದೊಂದೇ ದಾರಿ ಅನ್ನುವ ಓಟ ಇವರೊಬ್ಬರಿಂದಲೇ ಸಡಿಲವಾಗಿಲ್ಲ. ಒಂದು ಕಡೆ ಫ್ರಾನ್ಸಿನ ಸಾಕ್ಲೆಯಲ್ಲಿ 11.7 ಟೆಸ್ಲಾದಲ್ಲಿ ಮನುಷ್ಯರ ಮಿದುಳಿನ ಚಿತ್ರ ತೆಗೆದು 2024ರಲ್ಲಿ ತೋರಿಸಿದರು. ಇನ್ನೊಂದು ಕಡೆ ಹಾಸಿಗೆ ಪಕ್ಕಕ್ಕೇ ತಳ್ಳಿಕೊಂಡು ಬರುವ 0.064 ಟೆಸ್ಲಾದ ಮಿದುಳು ಸ್ಕ್ಯಾನರಿಗೆ ಅಮೆರಿಕದಲ್ಲಿ 2020ರಲ್ಲೇ ಒಪ್ಪಿಗೆ ಸಿಕ್ಕಿತು. ಐಸಿಯು ರೋಗಿಯನ್ನು ಅಲುಗಾಡಿಸಲಾಗದಿದ್ದಾಗ ಯಾವುದು ಉಪಯೋಗಕ್ಕೆ ಬರುತ್ತೆ ಅಂತ ನೀವೇ ಹೇಳಿ. ಬೆಂಗಳೂರಿನ ವೋಕ್ಸೆಲ್‌ಗ್ರಿಡ್ಸ್ 2023ರಲ್ಲಿ ದೇಶದಲ್ಲೇ ತಯಾರಿಸಿದ 1.5 ಟೆಸ್ಲಾ ಮಷೀನ್ ಹೊರತಂದಾಗಲೂ ಅವರು ಹೇಳಿಕೊಂಡ ಹೆಚ್ಚುಗಾರಿಕೆ ದ್ರವ ಹೀಲಿಯಂ ಬೇಡ ಅನ್ನುವುದು. ಟೆಸ್ಲಾ ಜಾಸ್ತಿ ಮಾಡಿದ್ದೇವೆ ಅಂತಲ್ಲ.

ಇನ್ನು ಮಗಳ ವಿಷಯ. ನಮ್ಮಲ್ಲಿ ಮೆಡಿಕಲ್ ಫಿಸಿಕ್ಸ್ ಓದಿದವರಿಗೆ ಹೆಚ್ಚಿನ ಕೆಲಸ ಸಿಗುವುದು ಕ್ಯಾನ್ಸರ್ ಆಸ್ಪತ್ರೆಗಳ ರೇಡಿಯೋಥೆರಪಿ ವಿಭಾಗದಲ್ಲಿ. ಅಲ್ಲಿ ವಿಕಿರಣ ಇರುವುದರಿಂದ ಭೌತಶಾಸ್ತ್ರದವರು ಇರಲೇಬೇಕು ಅಂತ ಕಾನೂನಿದೆ. ಎಂಆರ್‌ಐಯಲ್ಲಿ ಅಂಥ ವಿಕಿರಣ ಇಲ್ಲ, ಕಾನೂನಿನ ಒತ್ತಾಯವೂ ಇಲ್ಲ. ಹಾಗಾಗಿ ಆಸ್ಪತ್ರೆಗಳಲ್ಲಿ ಎಂಆರ್‌ಐಗೆಂದೇ ಭೌತಶಾಸ್ತ್ರದವರನ್ನು ಇಟ್ಟುಕೊಳ್ಳುವುದು ಅಪರೂಪ. ಆಸಕ್ತಿ ಎಂಆರ್‌ಐ ಕಡೆ ಇದ್ದರೆ ಎಂ.ಎಸ್ಸಿ. ಆದಮೇಲೆ ಸಂಶೋಧನೆಗೋ, ಮಷೀನ್ ತಯಾರಿಸುವ ಕಂಪನಿಗೋ ಹೋಗುವ ಮನಸ್ಸಿರಬೇಕು. ಇದನ್ನು ಮುಚ್ಚಿಡದೆ ಹೇಳುವುದು ಒಳ್ಳೆಯದು.

ಅವಳಿಗೆ ಈ ವಿಷಯ ಒಗ್ಗುತ್ತದಾ ಅಂತ ಈಗಲೇ ನೋಡಬಹುದು, ಲ್ಯಾಪ್‌ಟಾಪ್ ಇದ್ದರೆ ಸಾಕು. ಪೈಥಾನ್‌ನಲ್ಲಿ ಯಾವುದಾದರೂ ಕಪ್ಪು-ಬಿಳುಪು ಫೋಟೊ ತೆಗೆದುಕೊಂಡು ಅದರ ಎರಡು ದಿಕ್ಕಿನ ಫೋರಿಯರ್ ಟ್ರಾನ್ಸ್‌ಫಾರ್ಮ್ ಮಾಡಲಿ. ಎಂಆರ್‌ಐ ಮಷೀನ್ ಅಳೆಯುವುದು ಫೋಟೊವನ್ನಲ್ಲ, ಈ ಟ್ರಾನ್ಸ್‌ಫಾರ್ಮನ್ನು. ಒಂದು ಓದಿಗೆ ಒಂದು ಸಾಲು. ಅದರ ನಡುವಿನ ಭಾಗವನ್ನಷ್ಟೇ ಉಳಿಸಿ ವಾಪಸ್ ತಿರುಗಿಸಿದರೆ ಫೋಟೊ ಮಸುಕಾಗಿಯಾದರೂ ಗುರುತು ಸಿಗುತ್ತದೆ. ನಡುವಿನದನ್ನು ಅಳಿಸಿ ಸುತ್ತಲಿನದನ್ನು ಉಳಿಸಿದರೆ ಬರೀ ಅಂಚುಗಳು. ಕೊನೆಗೆ ಒಂದು ಸಾಲು ಬಿಟ್ಟು ಒಂದು ಸಾಲಿಗೆ ಸೊನ್ನೆ ತುಂಬಿ ನೋಡಲಿ. ಫೋಟೊ ತನ್ನ ಮೇಲೆ ತಾನೇ ಮಡಚಿಕೊಂಡ ಹಾಗೆ ಎರಡೆರಡು ಕಾಣುತ್ತದೆ. ಆದರೆ ಸ್ಕ್ಯಾನಿನ ಸಮಯ ಅರ್ಧ ಉಳಿಯಿತು ನೋಡಿ! ಆ ಮಡಿಕೆ ಬಿಡಿಸುವ ದಾರಿಯನ್ನು 1990ರ ದಶಕದಲ್ಲಿ ಕಂಡುಹಿಡಿದರು, ಈಗ ಆಸ್ಪತ್ರೆಗಳ ಹೆಚ್ಚುಕಡಿಮೆ ಎಲ್ಲ ಮಷೀನಿನಲ್ಲೂ ಇದೆ. ಹೇಗೆ ಅಂತ ಮೊದಲು ಅವಳೇ ತಲೆ ಕೆಡಿಸಿಕೊಳ್ಳಲಿ. ಸುಳಿವು ಬೇಕಂದರೆ ಇಷ್ಟು ಹೇಳಿ: ತಲೆಯ ಸುತ್ತ ರಿಸೀವರ್ ಕಾಯಿಲ್ ಒಂದೇ ಇರಬೇಕಂತೇನಿಲ್ಲ, ಎಂಟು ಇರಬಹುದು.